ಇಲ್ಲವೆಂಬುದು ನಮಗೆ ಗೊತ್ತಾಗುವುದು ಹೇಗೆ?

ನೆಲದ ಮೇಲೆ ಗಡಿಗೆ ಇದೆಯೆಂದು ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಕಣ್ಣಾರೆ ಕಂಡೆ ಎನ್ನಬಹುದು. ಗಡಿಗೆ ಇಲ್ಲವೆಂದು ಹೇಗೆ ಗೊತ್ತಾಯಿತು ಎಂದರೆ ಮಾತ್ರ ಉತ್ತರ ತಡವರಿಸುತ್ತದೆ. ಇಲ್ಲದ ವಸ್ತುವಿಗೂ ಕಣ್ಣಿಗೂ ಸಂಪರ್ಕವೇ ಆಗುವಂತಿಲ್ಲ. ಯಾವುದನ್ನು ಯಾವ ಸಾಧನದಿಂದ (ಪ್ರಮಾಣದಿಂದ) ತಿಳಿಯುತ್ತೇವೆಂದು ವಿಚಾರಿಸುವ ಭಾರತೀಯ ಪ್ರಮಾಣಶಾಸ್ತ್ರದಲ್ಲಿ ನನ್ನನ್ನು ಹೆಚ್ಚು ಕಾಡಿರುವುದು ಈ ಅಭಾವದ, ಎಂದರೆ ಇಲ್ಲದಿರುವಿಕೆಯ, ಚರ್ಚೆಯೇ. (ನಮ್ಮ ತಾರ್ಕಿಕರಿಗೆ ಗಡಿಗೆಯ ಮೇಲೆ ಅದೇಕೆ ಅಷ್ಟು ಮೋಹವೋ!)

ನ್ಯಾಯದರ್ಶನದವರಾದ ನೈಯಾಯಿಕರು ಅಭಾವವೂ ಪ್ರತ್ಯಕ್ಷಕ್ಕೇ, ಎಂದರೆ ಇಂದ್ರಿಯಗಳ ನೇರ ಅರಿವಿಗೇ, ಸಿಗುತ್ತದೆ ಎಂದರೆ, ವೇದವಾಕ್ಯಗಳ ಅರ್ಥವಿಚಾರ ಮಾಡುವ ಮೀಮಾಂಸಕರಲ್ಲಿ ಪ್ರಭಾಕರನ ಪಂಥದವರು ಬರಿಯ ನೆಲವಲ್ಲದೆ ಅಭಾವವೆಂಬ ಬೇರೆ ಪದಾರ್ಥವೇ ಇಲ್ಲವೆಂದರು. ಮೀಮಾಂಸೆಯ ಇನ್ನೊಂದು ಪಂಥದ ಕುಮಾರಿಲ ಭಟ್ಟರು ಎರಡನ್ನೂ ಒಪ್ಪದೆ ಇದಕ್ಕೊಂದು ಪ್ರತ್ಯೇಕ ಪ್ರಮಾಣವನ್ನೇ ಹೇಳಿದರು; ಅವರು ಒಪ್ಪಿದ ಐದು ಪ್ರಮಾಣಗಳ ಜೊತೆಗೆ ಸೇರುವ, ಅನುಪಲಬ್ಧಿ (ಕಾಣಸಿಗದಿರುವಿಕೆ) ಎಂಬ ಈ ಆರನೆಯ ಪ್ರಮಾಣವನ್ನು ಮುಂದೆ ಅದ್ವೈತಿಗಳೂ ಸ್ವೀಕರಿಸಿದರು. ಕುಮಾರಿಲರ ವಾದ ಬಹಳ ಸೂಕ್ಷ್ಮವಾದುದು. ಬೆಳಿಗ್ಗೆ ಒಂದು ಸ್ಥಳವನ್ನು ಸುಮ್ಮನೆ ನೋಡಿ ಬಂದವನನ್ನು ಸಂಜೆ ಮತ್ತೆಲ್ಲೋ ಯಾರಾದರೂ 'ಅಲ್ಲಿ ದೇವದತ್ತನಿದ್ದನೇ?' ಎಂದು ಕೇಳಿದರೆ, ಅಲ್ಲಿಯವರೆಗೆ ದೇವದತ್ತನ ಯೋಚನೆಯೇ ಬಂದಿರದಿದ್ದರೂ ಅವನು ಆ ಕ್ಷಣದಲ್ಲೇ 'ಇರಲಿಲ್ಲ' ಎನ್ನುತ್ತಾನೆ. ಸ್ಥಳ ಈಗ ಕಣ್ಣೆದುರಿಗಿಲ್ಲದ ಕಾರಣ ಇದು ಪ್ರತ್ಯಕ್ಷವಲ್ಲ. ಬೆಳಿಗ್ಗೆ ಆ ಅಭಾವವನ್ನು ಅವನು ಗಮನಿಸಿಯೇ ಇರಲಿಲ್ಲವಾದ್ದರಿಂದ ನೆನಪೂ ಅಲ್ಲ.

ಉಡುಪಿಯ ಮಧ್ವಾಚಾರ್ಯರ ಪರಂಪರೆಯಾದರೋ ಪ್ರತ್ಯಕ್ಷ, ಅನುಮಾನ (ತರ್ಕದಿಂದ ಊಹಿಸಿ ತಿಳಿಯುವುದು), ಆಗಮ (ನಂಬಲರ್ಹ ಮಾತು) ಎಂಬ ಮೂರು ಪ್ರಮಾಣಗಳಲ್ಲೇ ನಿಲ್ಲುತ್ತದೆ. ಅಭಾವವು ಕೆಲವೆಡೆ ನೇರವಾಗಿ ಪ್ರತ್ಯಕ್ಷಕ್ಕೆ ಸಿಗುತ್ತದೆ, ಉಳಿದೆಡೆ ಅನುಮಾನದಿಂದ ತಿಳಿಯುತ್ತದೆ ಎಂಬುದು ಅವರ ನಿಲುವು. ನನಗೆ ಇದೇ ಹೆಚ್ಚು ಒಪ್ಪಿತವಾಗುತ್ತದೆ: ದೇವದತ್ತನಿದ್ದಿದ್ದರೆ ನೋಡುತ್ತಿದ್ದೆ, ನೋಡಿದ್ದರೆ ನೆನಪಿರುತ್ತಿತ್ತು, ನೆನಪಿಲ್ಲ, ಆದ್ದರಿಂದ ಇರಲಿಲ್ಲ ಎಂಬ ಅನುಮಾನವೊಂದಿದ್ದರೆ ಕುಮಾರಿಲರ ಉದಾಹರಣೆಗೆ ಸಾಕಲ್ಲವೇ?

ಪ್ರಮಾಣಗಳ ಲೆಕ್ಕಕ್ಕಿಂತ ಮುಖ್ಯವಾದದ್ದು ಈ ವಾದಿಗಳಲ್ಲಿ ಬಹುಮಂದಿ ಒಪ್ಪಿಕೊಂಡ ಒಂದು ಷರತ್ತು. ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದರಿಂದ ಏನೂ ಸಿದ್ಧವಾಗದು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಪಿಶಾಚಿಯ ಉದಾಹರಣೆ ಕೊಡುತ್ತಾನೆ: ಸ್ವಭಾವತಃ ಕಣ್ಣಿಗೆ ಕಾಣದ ಪಿಶಾಚಿ ಇಲ್ಲಿ ಕಾಣುತ್ತಿಲ್ಲವೆಂಬ ಕಾರಣಕ್ಕೆ ಅದು ಇಲ್ಲಿಲ್ಲವೆಂದು ನಿಶ್ಚಯಿಸುವಂತಿಲ್ಲ. ಹಾಗೆಂದು ಅದು ಇದೆಯೆಂದೂ ಆಗುವುದಿಲ್ಲ. ಉಳಿಯುವುದು ಸಂಶಯ ಮಾತ್ರ.

ಈ ಷರತ್ತು ಇಂದಿಗೂ ಸಲ್ಲುತ್ತದೆ: ಮೊಣಕಾಲು ಉಳುಕಿದವರ ಎಕ್ಸ್‌ರೇ ವರದಿಯಲ್ಲಿ ಬಿರುಕು ಕಂಡುಬಂದಿಲ್ಲ ಎಂದಿದ್ದರೆ ಮೂಳೆಯ ಮಟ್ಟಿಗೆ ಅದಕ್ಕೆ ಸಾಕಷ್ಟು ಬೆಲೆಯುಂಟು, ಏಕೆಂದರೆ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ. ಮೂಳೆಗಳನ್ನು ಜೋಡಿಸುವ ಲಿಗಮೆಂಟ್ ಹಾಗೆ ಕಾಣುವಂಥದ್ದಲ್ಲ. ಆದ್ದರಿಂದ ಅದೇ ಫಿಲ್ಮನ್ನು ಹಿಡಿದುಕೊಂಡು ಲಿಗಮೆಂಟ್ ಹರಿದಿಲ್ಲವೆಂದು ಹೇಳಲಾಗದು. ಅದು ತಿಳಿಯಬೇಕಾದರೆ ವೈದ್ಯರು ಕಾಲನ್ನು ಕೈಯಾರೆ ಪರೀಕ್ಷಿಸಬೇಕು, ಇಲ್ಲವೇ ಎಂಆರ್‌ಐ ಮಾಡಿಸಬೇಕು.