ಎಸ್‌ಎಕ್ಸ್-70: ರೋಲರ್ ಒರೆಸಿ, ಬಿಸಿಲು ತಪ್ಪಿಸಿ

ತೆಗೆದ ಚಿತ್ರವನ್ನು ಆಗಲೇ ಹೊರಹಾಕುವ ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾ ಕೈಗೆ ಬಂದ ಹೊಸತರಲ್ಲಿ ಚಿತ್ರ ಕೆಟ್ಟರೆ ಎಲ್ಲರ ಬಾಯಲ್ಲೂ ಬರುವುದು ಎರಡೇ ಮಾತು: ‘ಫಿಲ್ಮ್ ಸರಿಯಿಲ್ಲ’, ಇಲ್ಲವೇ ‘ಹಳೇ ಕ್ಯಾಮೆರಾ, ಕೆಟ್ಟುಹೋಗಿದೆ’. ಹೆಚ್ಚಿನ ಸಲ ಎರಡೂ ನಿಜವಲ್ಲ. ಫಿಲ್ಮನ್ನು ಹೊರತಳ್ಳುವ ರೋಲರಿಗೆ ಅಂಟಿ ಒಣಗಿದ ಸಾಸಿವೆಕಾಳಿನಷ್ಟು ರಾಸಾಯನಿಕ ಪೇಸ್ಟು, ಫಿಲ್ಮ್ ಹೊರಬಂದ ಕ್ಷಣ ತಾಗಿದ ಬೆಳಕು, ಆ ಹೊತ್ತಿನ ಸೆಕೆ ಅಥವಾ ಚಳಿ, ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಒಂದು ಪ್ಯಾಕಿನಲ್ಲಿ ಸಿಗುವುದು ಎಂಟೇ ಚಿತ್ರ, ಅದೂ ದುಬಾರಿ. ಹಾಗಾಗಿ ಕಾರಣವನ್ನು ಚಿತ್ರದ ಮೇಲೆಯೇ ಓದಲು ಕಲಿತವರಿಗೆ ಈ ಹವ್ಯಾಸ ದಕ್ಕುತ್ತದೆ.

1972ರಲ್ಲಿ ಪೋಲರಾಯ್ಡ್ ಸ್ಥಾಪಕ ಎಡ್ವಿನ್ ಲ್ಯಾಂಡ್ ಹೊರತಂದ ಈ ಕ್ಯಾಮೆರಾ ಮಡಚಿದರೆ ಕೋಟಿನ ಜೇಬಿಗೆ ಹೋಗುತ್ತದೆ, ಬಿಡಿಸಿದರೆ ಎಸ್‌ಎಲ್‌ಆರ್ ಆಗುತ್ತದೆ. ಅಂದರೆ ಲೆನ್ಸ್ ಕಂಡದ್ದನ್ನೇ ನಿಮ್ಮ ಕಣ್ಣೂ ಕಾಣುತ್ತದೆ. ಲೆನ್ಸ್ 116 ಮಿ.ಮೀ., ನಾಲ್ಕು ಗಾಜುಗಳದ್ದು, ಎಫ್/8. ಸುಮಾರು 26 ಸೆಂ.ಮೀ.ವರೆಗೆ ಹತ್ತಿರ ಹೋಗಿ ಫೋಕಸ್ ಮಾಡಬಹುದು. ಆಮೇಲೆ ಬಂದ ಪ್ಲಾಸ್ಟಿಕ್ ಡಬ್ಬಿಯಂಥ ಅಗ್ಗದ ಇನ್‌ಸ್ಟಂಟ್ ಕ್ಯಾಮೆರಾಗಳಲ್ಲಿ ಈ ಸೌಲಭ್ಯ ಕಡಿಮೆ. ಆದ್ದರಿಂದ ಶುರು ಮಾಡುವವರೂ ಸಾಧ್ಯವಾದರೆ ಇದನ್ನೇ ಹಿಡಿಯಲಿ ಎನ್ನುವುದು ನನ್ನ ಅಭಿಪ್ರಾಯ.

ಕೊಳ್ಳುವಾಗ ಮೊದಲು ಕೇಳಬೇಕಾದ್ದು, ‘ಖಾಲಿ ಪ್ಯಾಕ್ ಹಾಕಿ ತೋರಿಸ್ತೀರಾ?’ ಎಂದು. ಈ ಕ್ಯಾಮೆರಾದೊಳಗೆ ಬ್ಯಾಟರಿಯಿಲ್ಲ. 6 ವೋಲ್ಟಿನ ಚಪ್ಪಟೆ ಬ್ಯಾಟರಿ ಫಿಲ್ಮ್ ಪ್ಯಾಕಿನ ತಳದಲ್ಲೇ ಕೂತಿರುತ್ತದೆ. ಎಂಟು ಚಿತ್ರ ತೆಗೆದ ಮೇಲೂ ಅದರಲ್ಲಿ ಸಾಮಾನ್ಯವಾಗಿ ಶಕ್ತಿ ಉಳಿದಿರುತ್ತದೆ. ಖಾಲಿ ಪ್ಯಾಕ್ ಹಾಕಿ ಮುಂಬಾಗಿಲು ಮುಚ್ಚಿದೊಡನೆ ಮೋಟಾರು ತಿರುಗಬೇಕು, ಕೆಂಪು ಗುಂಡಿ ಒತ್ತಿದರೆ ಕನ್ನಡಿ ಎದ್ದು ಶಟರ್ ಸದ್ದು ಕೇಳಿ ಮತ್ತೆ ಮೋಟಾರು ತಿರುಗಬೇಕು. ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ಒತ್ತಿ, ಅಂಗೈಯಿಂದ ಲೆನ್ಸ್ ಮತ್ತು ಪಕ್ಕದ ಬೆಳಕಿನ ಕಣ್ಣು ಎರಡನ್ನೂ ಮುಚ್ಚಿ ಇನ್ನೊಮ್ಮೆ ಒತ್ತಿ. ಎರಡನೇ ಸಲ ಶಟರ್ ಎಷ್ಟೋ ಸೆಕೆಂಡು ತೆರೆದೇ ಇರಬೇಕು. ಎರಡೂ ಸಲ ಒಂದೇ ವೇಗದಲ್ಲಿ ಮುಚ್ಚಿದರೆ ಬೆಳಕಿನ ಮೀಟರ್ ಸತ್ತಿದೆ ಎಂದರ್ಥ, ಆ ಕ್ಯಾಮೆರಾ ಬಿಡಿ. ಕ್ಯಾಮೆರಾ ಬಿಡಿಸಿದಾಗ ಹಿಗ್ಗುವ ರಬ್ಬರಿನ ಬೆಲ್ಲೋಸ್‌ನ ಮಡಿಕೆಗಳನ್ನು ದೀಪದ ಕೆಳಗೆ ಒಂದೊಂದಾಗಿ ನೋಡಿ. ಸೀಳು, ಸೂಜಿಮೊನೆಯಷ್ಟು ತೂತು ಇದ್ದರೂ ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಬೆಳಕಿನ ಗೆರೆ ಬೀಳುತ್ತದೆ. ಮೇಲಿನ ಚರ್ಮ ಕಿತ್ತುಹೋಗಿದ್ದರೆ ಚಿಂತೆಯಿಲ್ಲ, ಹೊಸದು ಅಂಟಿಸಬಹುದು.

ತಾನೇ ಫೋಕಸ್ ಮಾಡುವ ಸೋನಾರ್ ಮಾದರಿ ಸಿಕ್ಕರೆ ಒಂದು ಮಾತು. ಅದು ಕಿವಿಗೆ ಕೇಳದ ಶಬ್ದ ಹೊರಡಿಸಿ, ತಿರುಗಿ ಬರುವ ಪ್ರತಿಧ್ವನಿಯಿಂದ ದೂರ ಅಳೆಯುತ್ತದೆ. ಬಸ್ಸಿನ ಕಿಟಕಿ ಗಾಜಿನ ಮೂಲಕ ಹೊರಗಿನ ಗುಡ್ಡ ತೆಗೆಯಲು ಹೋದರೆ ಗಾಜಿನ ಮೇಲೆ ಫೋಕಸ್ ಕೂರುತ್ತದೆ. ಅಂಥಲ್ಲಿ ಕೈಯಿಂದ ಫೋಕಸ್ ಮಾಡುವ ಸ್ಥಿತಿಗೆ ಬದಲಿಸಿಕೊಳ್ಳಿ.

ಇನ್ನು ಫಿಲ್ಮ್. ಎಸ್‌ಎಕ್ಸ್-70 ಎಂದೇ ಬರೆದ ಪ್ಯಾಕ್ ಐಎಸ್‌ಒ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎಂಬ ಅಳತೆ) 160. 600 ಎಂದು ಬರೆದದ್ದು 640, ನಾಲ್ಕು ಪಟ್ಟು ಚುರುಕು. ಅದನ್ನು ಬಳಸಬೇಕೆಂದರೆ ಎರಡು ಸ್ಟಾಪಿನ, ಅಂದರೆ ಬೆಳಕನ್ನು ನಾಲ್ಕನೇ ಒಂದಕ್ಕೆ ಇಳಿಸುವ ಎನ್‌ಡಿ ಫಿಲ್ಟರ್ ಬೇಕು. ಲೆನ್ಸ್ ಮೇಲೆ ಹಾಕಿದರೆ ನೋಡುವ ಚಿತ್ರವೂ ಕಪ್ಪಾಗುತ್ತದೆ, ಪ್ಯಾಕಿನ ಮೇಲೆ ಕೂರುವ ತೆಳು ಹಾಳೆ ಫಿಲ್ಟರಿನಲ್ಲಿ ಆ ತೊಂದರೆ ಇಲ್ಲ. ಐ-ಟೈಪ್ ಪ್ಯಾಕ್ ಮಾತ್ರ ಅಗ್ಗ ಅಂತ ತರಬೇಡಿ. ಅದರಲ್ಲಿ ಬ್ಯಾಟರಿಯೇ ಇಲ್ಲ, ಕ್ಯಾಮೆರಾ ಉಸಿರಾಡುವುದಿಲ್ಲ. ಹಳೆಯ ಪ್ಯಾಕಿನಲ್ಲಿ ಹತ್ತು ಚಿತ್ರ ಇರುತ್ತಿದ್ದುದರಿಂದ ಹಿಂದಿನ ಎಣಿಕೆ ಕಿಂಡಿ 10ರಿಂದ ಇಳಿಯುತ್ತದೆ. ಈಗಿನ ಪ್ಯಾಕ್ ಮುಗಿದಾಗ ಅದು 2 ತೋರಿಸುತ್ತಿರುತ್ತದೆ. ಇನ್ನೂ ಎರಡಿದೆ ಎಂದು ನಂಬಿ ಮದುವೆ ಮನೆಯಲ್ಲಿ ನಿಲ್ಲಬೇಡಿ.

ಪ್ಯಾಕ್ ಹಾಕುವಾಗ ಅಂಚು ಹಿಡಿದು ತಳ್ಳಿ, ನಡುವೆ ಒತ್ತಬೇಡಿ. ಬಾಗಿಲು ಮುಚ್ಚಿದಾಗ ಮೊದಲು ಬರುವ ಕಪ್ಪು ಹಾಳೆಯನ್ನು ಎಸೆಯಬೇಡಿ, ಕೆಲಸವಿದೆ.

ಆ ಬಿಳಿ ಚೌಕಟ್ಟಿನೊಳಗೆ ನಡೆಯುವುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಳೆಯುತ್ತದೆ. ಕೆಳಗಿನ ಅಗಲ ಅಂಚಿನಲ್ಲಿ ಪುಟ್ಟ ಪೊಟ್ಟಣಗಳಲ್ಲಿ ಕ್ಷಾರದ ಪೇಸ್ಟು ತುಂಬಿರುತ್ತದೆ. ಹೊರಬರುವಾಗ ಆ ಅಂಚೇ ಮೊದಲು ಎರಡು ಉಕ್ಕಿನ ರೋಲರುಗಳ ನಡುವೆ ಸಿಕ್ಕಿ ಪೊಟ್ಟಣ ಒಡೆಯುತ್ತದೆ. ದೋಸೆ ಹಿಟ್ಟನ್ನು ಕಾವಲಿ ಮೇಲೆ ಹರಡಿದ ಹಾಗೆ ರೋಲರುಗಳು ಆ ಪೇಸ್ಟನ್ನು ಚಿತ್ರದ ಉದ್ದಕ್ಕೂ ಕೂದಲೆಳೆಗಿಂತ ತೆಳ್ಳಗೆ ಎಳೆಯುತ್ತವೆ. ಮಿಕ್ಕಿದ್ದು ಎದುರಿನ ಸಣ್ಣ ಅಂಚಿನಲ್ಲಿ ನಿಲ್ಲುತ್ತದೆ. ಬೆಳಕು ಬಿದ್ದ ಕಡೆ ಬಣ್ಣ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಬೀಳದ ಕಡೆ ಮೇಲಕ್ಕೆ ಏರುತ್ತದೆ. ಆದ್ದರಿಂದಲೇ ಬೆಳಕು ಹೆಚ್ಚಾದರೆ ಚಿತ್ರ ಬೆಳ್ಳಗೆ, ಬೆಳಕೇ ಬೀಳದಿದ್ದರೆ ಕಪ್ಪಗೆ. ಈ ಕೆಲಸ ಮುಗಿಯುವ ತನಕ ಮೇಲಿನ ಬೆಳಕು ಒಳಗೆ ಇಳಿಯದಂತೆ ಪೇಸ್ಟಿನಲ್ಲೇ ಒಂದು ಗಾಢ ಬಣ್ಣ ಇರುತ್ತದೆ. ಕ್ಷಾರ ತಗ್ಗಿದಂತೆ ಅದು ಮಾಯವಾಗಿ ಚಿತ್ರ ಕಾಣತೊಡಗುತ್ತದೆ.

ಇಲ್ಲೇ ಹಳೇ ಫಿಲ್ಮಿಗೂ ಇಂದಿನದಕ್ಕೂ ವ್ಯತ್ಯಾಸ. 2008ರಲ್ಲಿ ಪೋಲರಾಯ್ಡ್ ಫಿಲ್ಮ್ ತಯಾರಿಕೆ ನಿಲ್ಲಿಸಿತು. ನೆದರ್ಲೆಂಡ್ಸ್‌ನ ಎನ್‌ಸ್ಕೆಡೆಯ ಕಾರ್ಖಾನೆಯ ಯಂತ್ರಗಳನ್ನು ಉಳಿಸಿಕೊಂಡ ಇಂಪಾಸಿಬಲ್ ಪ್ರಾಜೆಕ್ಟ್ 2010ರಲ್ಲಿ ಹೊಸ ಫಿಲ್ಮ್ ತಂದಿತು. ಹಳೆಯ ರಾಸಾಯನಿಕಗಳು ಸಿಗದ ಕಾರಣ ಅವರು ಸೂತ್ರವನ್ನೇ ಹೊಸದಾಗಿ ಕಟ್ಟಬೇಕಾಯಿತು. ಲ್ಯಾಂಡ್ ಕಾಲದ ಫಿಲ್ಮನ್ನು ಬಿಸಿಲಲ್ಲೇ ಹಿಡಿದುಕೊಂಡು ಚಿತ್ರ ಮೂಡುವುದನ್ನು ನೋಡಬಹುದಿತ್ತು. ಈಗಿನದರ ಗಾಢ ಬಣ್ಣಕ್ಕೆ ಅಷ್ಟು ಶಕ್ತಿಯಿಲ್ಲ. ಹೊರಬರುವ ಆ ಒಂದೆರಡು ಸೆಕೆಂಡುಗಳಲ್ಲಿ ಬಿಸಿಲು ತಾಗಿದರೆ ಚಿತ್ರ ಮಂಕಾಗುತ್ತದೆ, ಬಿಳಿಚಿಕೊಳ್ಳುತ್ತದೆ.

ಆದ್ದರಿಂದ ಫಿಲ್ಮ್ ಹೊರಬರುವ ಬಾಯಿಯ ಮುಂದೆ ಸುರುಳಿ ಬಿಚ್ಚಿಕೊಳ್ಳುವ ಕಪ್ಪು ಹಾಳೆ ಹಾಕಿಸಿ. ಬಳಸುವವರು ಅದಕ್ಕೆ ಫ್ರಾಗ್ ಟಂಗ್ ಎನ್ನುತ್ತಾರೆ. ಫಿಲ್ಮ್ ಅದರ ಅಡಿಯಲ್ಲೇ ಜಾರಿ ಬರುತ್ತದೆ. ಅದಿಲ್ಲವೆಂದರೆ ಎತ್ತಿಟ್ಟ ಕಪ್ಪು ಹಾಳೆಯನ್ನು ಎಡಗೈಯಲ್ಲಿ ಬಾಯಿಯ ಮೇಲೆ ಸೂರಿನಂತೆ ಹಿಡಿದು ಗುಂಡಿ ಒತ್ತಿ. ಬೆರಳು ಬಾಯಿಗೆ ಅಡ್ಡ ಬರದಿರಲಿ. ಫಿಲ್ಮ್ ತಡೆದು ನಿಂತರೆ ಪೇಸ್ಟು ಅಲ್ಲೇ ಗಂಟು ಕಟ್ಟುತ್ತದೆ. ಐದು ಸೆಕೆಂಡು ಹಾಗೇ ಬಿಟ್ಟು, ಚಿತ್ರವನ್ನು ಬೋರಲಾಗಿಸಿ ಇಡಿ. ಕಪ್ಪು ಬಿಳುಪಿಗೆ 5ರಿಂದ 10 ನಿಮಿಷ, ಬಣ್ಣದ್ದಕ್ಕೆ 10ರಿಂದ 15 ನಿಮಿಷ. ಗಾಳಿಯಲ್ಲಿ ಬೀಸಬೇಡಿ, ಬಗ್ಗಿಸಬೇಡಿ. ಒಳಗೆ ಪೇಸ್ಟು ಇನ್ನೂ ಹಸಿ, ಪದರಗಳು ಬಿಟ್ಟುಕೊಳ್ಳುತ್ತವೆ.

ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಕಾಟ ಸೆಕೆ. ಈ ಫಿಲ್ಮ್ 13ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಸರಿಯಾಗಿ ಬೇಯುತ್ತದೆ. ಅದಕ್ಕಿಂತ ಬಿಸಿಯಾದರೆ ರಾಸಾಯನಿಕ ಅವಸರ ಮಾಡಿ ಹಳದಿ, ಕೆಂಪು ಛಾಯೆ ಕೂರುತ್ತದೆ. ತಣ್ಣಗಾದರೆ ಬಣ್ಣ ಮೇಲೇರಲಾರದೆ ಚಿತ್ರ ನೀಲಿಗಟ್ಟಿ ಪೇಲವವಾಗುತ್ತದೆ. ಬೇಸಿಗೆಯ ಕಲಬುರಗಿ, ರಾಯಚೂರಿನಲ್ಲಿ ಪಾದರಸ 40 ದಾಟುತ್ತದೆ, ಅಲ್ಲಿ ಬೆಳಗಿನ ಹೊತ್ತು ಬಿಟ್ಟರೆ ಹೊರಗೆ ತೆಗೆಯುವುದೇ ಬೇಡ. ತೆಗೆದ ಚಿತ್ರವನ್ನು ಒಳಗೆ ಒಯ್ದು ತಂಪಾದ ರೆಡ್ ಆಕ್ಸೈಡ್ ನೆಲದ ಮೇಲೆ ಬೋರಲು ಹಾಕಿದರೆ ಛಾಯೆ ಎಷ್ಟೋ ಹತೋಟಿಗೆ ಬರುತ್ತದೆ. ಮಡಿಕೇರಿಯ ಚಳಿಗಾಲದ ಮುಂಜಾವಿಗೆ ಇದರ ತಿರುವುಮುರುವು: ಹೊರಬಂದ ಕೂಡಲೇ ಸ್ವೆಟರಿನ ಒಳಜೇಬಿಗೆ ಹಾಕಿ, ಮೈಬಿಸಿ ತಾಗಲಿ. ಬಳಸದ ಪ್ಯಾಕುಗಳು ಫ್ರಿಜ್ಜಿನಲ್ಲಿ ಮಲಗಿಸಿದ ಸ್ಥಿತಿಯಲ್ಲಿ ಇರಲಿ, ಫ್ರೀಜರಿನಲ್ಲಿ ಬೇಡ. ಪೇಸ್ಟು ಹೆಪ್ಪುಗಟ್ಟಿದರೆ ಪ್ಯಾಕ್ ಮುಗಿಯಿತು. ತೆಗೆಯುವ ಒಂದು ಗಂಟೆ ಮೊದಲು ಕವರ್ ಒಡೆಯದೆ ಹೊರಗಿಡಿ, ಇಲ್ಲದಿದ್ದರೆ ತೇವ ಕೂರುತ್ತದೆ. ಪೆಟ್ಟಿಗೆಯ ಮೇಲಿನ ತಯಾರಿಕೆ ದಿನಾಂಕ ನೋಡಿ, 12 ತಿಂಗಳೊಳಗೆ ಮುಗಿಸಿ.

ಈಗ ರೋಲರ್. ಪ್ರತಿ ಪ್ಯಾಕ್ ಬದಲಿಸುವಾಗಲೂ ಇದನ್ನು ಒರೆಸಬೇಕು, ವಾರಕ್ಕೊಮ್ಮೆ ಅಲ್ಲ, ನೆನಪಾದಾಗ ಅಲ್ಲ. ಹಳದಿ ಪಟ್ಟಿ ಒತ್ತಿ ಮುಂಬಾಗಿಲು ಬೀಳಿಸಿ. ಬಾಗಿಲಲ್ಲೇ ಎರಡು ಹೊಳೆಯುವ ಕಂಬಿಗಳು ಕಾಣುತ್ತವೆ. ಒಂದು ತುದಿಯಲ್ಲಿ ಹಲ್ಲುಚಕ್ರ ಇದೆ, ಅದನ್ನು ಬೆರಳತುದಿಯಿಂದ ತಿರುಗಿಸುತ್ತ ಬೆಳಕಿಗೆ ಹಿಡಿದು ನೋಡಿ. ಶುದ್ಧ ರೋಲರಿನಲ್ಲಿ ದೀಪದ ಗೆರೆ ನೇರವಾಗಿ ಹರಿಯುತ್ತದೆ, ಕೊಳೆ ಇದ್ದಲ್ಲಿ ಗೆರೆ ತುಂಡಾಗುತ್ತದೆ. ಒಣಗಿದ ಪೇಸ್ಟು ಕಂದು ಹಕ್ಕಳೆಯ ಹಾಗೆ ತುದಿಗಳಲ್ಲಿ ಹೆಚ್ಚು ಕೂತಿರುತ್ತದೆ. ತೊಳೆದು ತೊಳೆದು ಮೆತ್ತಗಾದ, ನೂಲು ಬಿಡದ ಹತ್ತಿ ಬಟ್ಟೆಯ ತುಂಡನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಜಗ್ಗದಿದ್ದರೆ ಬಟ್ಟೆಗೆ ಎರಡು ಹನಿ ಸ್ಪಿರಿಟ್. ಉಗುರು, ಬ್ಲೇಡು ಮುಟ್ಟಿಸಲೇಬೇಡಿ, ಒಂದು ಗೀರು ಬಿದ್ದರೆ ಅದು ಕ್ಯಾಮೆರಾದ ಆಯುಷ್ಯವಿಡೀ ಚಿತ್ರದಲ್ಲಿ ಕಾಣುತ್ತದೆ. ಪೂರ್ತಿ ಒಣಗಿದ ಮೇಲೇ ಹೊಸ ಪ್ಯಾಕ್.

ಚಿತ್ರದ ಮೇಲೆ ಸಮ ಅಂತರದಲ್ಲಿ ಒಂದೇ ಬಗೆಯ ಚುಕ್ಕೆ ಮತ್ತೆ ಮತ್ತೆ ಬಂದಿದ್ದರೆ ರೋಲರಿನ ಮೇಲಿನ ಒಂದೇ ಕೊಳೆ ಪ್ರತಿ ಸುತ್ತಿಗೂ ಒತ್ತಿದೆ ಎಂದು ತಿಳಿಯಿರಿ. ಮೇಲಂಚಿನ ಮೂಲೆ ಚಿತ್ರವೇ ಮೂಡದೆ ಉಳಿದರೆ ಪೇಸ್ಟು ಅಲ್ಲಿಯವರೆಗೆ ಮುಟ್ಟಿಲ್ಲ, ಫಿಲ್ಮ್ ಹಳೆಯದು, ತಣ್ಣಗಿತ್ತು, ಅಥವಾ ರೋಲರ್ ಎರಡೂ ತುದಿಯಲ್ಲಿ ಸಮನಾಗಿ ಒತ್ತುತ್ತಿಲ್ಲ.

ಬೆಳಕಿನ ಲೆಕ್ಕವನ್ನು ಕ್ಯಾಮೆರಾವೇ ಮಾಡುತ್ತದೆ, ನಿಮಗಿರುವುದು ಮುಂದಿನ ಕಪ್ಪು-ಬಿಳಿ ಚಕ್ರ ಒಂದೇ. ಹಿಂದೆ ಆಕಾಶ ಬೆಳಗುತ್ತಿದ್ದರೆ ಮುಂದಿನ ಮುಖ ಕಪ್ಪಾಗುತ್ತದೆ, ಚಕ್ರವನ್ನು ಬಿಳಿಯತ್ತ ತಿರುಗಿಸಿ. ಕಪ್ಪು ಗೋಡೆಯ ಮುಂದೆ ಬಿಳಿ ಸೀರೆ ಇದ್ದರೆ ಕಪ್ಪಿನತ್ತ. ಚಿತ್ರ ತೆಗೆದೊಡನೆ ನಡುವಿಗೆ ತಂದಿಡುವ ಅಭ್ಯಾಸ ಮಾಡಿಕೊಳ್ಳಿ. ಮನೆಯೊಳಗಿನ ಸಾಮಾನ್ಯ ದೀಪಕ್ಕೆ ಶಟರ್ ತುಂಬ ಹೊತ್ತು ತೆರೆದಿರುತ್ತದೆ. ಕೈಯಲ್ಲಿ ಹಿಡಿದರೆ ಅಲುಗಿದ ಚಿತ್ರ ಖಚಿತ. ಮೇಜಿನ ಮೇಲಿಟ್ಟು ತೆಗೆಯಿರಿ, ಇಲ್ಲವೇ ಕ್ಯಾಮೆರಾದ ಮೇಲೆ ಕೂರುವ ಫ್ಲಾಶ್ ಪಟ್ಟಿ, ಫ್ಲಾಶ್‌ಬಾರ್ ಸಿಕ್ಕಿಸಿ. 26 ಸೆಂ.ಮೀ. ಹತ್ತಿರದಿಂದ ದಾಸವಾಳ ತೆಗೆಯುವ ಆಸೆಯಾದರೆ, ಕಡಿಮೆ ಬೆಳಕಲ್ಲಿ ಸ್ಪಷ್ಟವಾಗಿ ನಿಲ್ಲುವ ಆಳ ಬೆರಳಿನ ದಪ್ಪದಷ್ಟೇ ಎಂಬುದು ನೆನಪಿರಲಿ. ಕೇಸರದ ತುದಿಗೆ ಫೋಕಸ್ ಕೂರಿಸಿದ ಮೇಲೆ ಫೋಕಸ್ ಚಕ್ರ ಮುಟ್ಟದೆ, ಮೈಯನ್ನೇ ಕೂದಲಷ್ಟು ಹಿಂದೆ ಮುಂದೆ ಮಾಡಿ.

ಮೊದಲ ಪ್ಯಾಕನ್ನು ನೆನಪಿನ ಚಿತ್ರಗಳಿಗೆ ಖರ್ಚು ಮಾಡದೆ ಪರೀಕ್ಷೆಗೆ ಮೀಸಲಿಡಿ. ಬೆನ್ನಿಗೆ ಬಿಸಿಲು ಇಟ್ಟುಕೊಂಡು ಒಂದೇ ಗೋಡೆ, ಒಂದೇ ದೂರ: ಚಕ್ರ ನಡುವೆ ಒಂದು, ಕಪ್ಪಿನತ್ತ ಅರ್ಧ ಸರಿಸಿ ಒಂದು, ಬಿಳಿಯತ್ತ ಅರ್ಧ ಸರಿಸಿ ಒಂದು. ಐವತ್ತು ವರ್ಷದ ಮೀಟರ್‌ಗಳು ಒಂದೊಂದು ಒಂದೊಂದು ಕಡೆ ವಾಲಿರುತ್ತವೆ, ನಿಮ್ಮದು ಯಾವ ಕಡೆಗೆಂದು ಈ ಮೂರರಲ್ಲೇ ತಿಳಿಯುತ್ತದೆ. ಆಮೇಲೆ ನೆರಳಿನಲ್ಲಿ ಎರಡು, ಕಿಟಕಿ ಪಕ್ಕದ ಮುಖ ಒಂದು, ಫ್ಲಾಶಿನಲ್ಲಿ ಒಂದು, 26 ಸೆಂ.ಮೀ.ನಿಂದ ಒಂದು. ಪ್ರತಿಯೊಂದರ ಬೆನ್ನಿಗೂ ಬಿಳಿ ಪೇಂಟ್ ಪೆನ್ನಿನಲ್ಲಿ ಉಷ್ಣಾಂಶ, ಚಕ್ರದ ಸ್ಥಾನ, ಎಷ್ಟನೇ ಚಿತ್ರ ಎಂಬುದನ್ನು ಬರೆದಿಡಿ. ಬಾಲ್ ಪೆನ್ನಿನಿಂದ ಒತ್ತಿ ಬರೆಯಬೇಡಿ, ಒಳಗಿನ ಪದರಕ್ಕೆ ಗುರುತು ಬೀಳುತ್ತದೆ. ಒಂದು ತಿಂಗಳು ಆಲ್ಬಮ್ಮಿಗೆ ಹಾಕದೆ, ಬಿಸಿಲು ಬೀಳದ ಒಣ ಜಾಗದಲ್ಲಿ ಬಿಡಿಬಿಡಿಯಾಗಿ ಇಡಿ. ಒಳಗಿನ ತೇವ ಆರಲು ಅಷ್ಟು ಕಾಲ ಬೇಕು, ಕರಾವಳಿಯ ಮಳೆಗಾಲದಲ್ಲಾದರೆ ಇನ್ನೂ ಹೆಚ್ಚು.