ಪೊಲೀಸ್ ಭರ್ತಿ ರನ್ನಿಂಗು, ಹಿಮ್ಮಡದ ಮ್ಯಾಲಿನ ಬ್ಯಾನಿ

ಪೊಲೀಸ್ ಕಾನ್‌ಸ್ಟೇಬಲ್ ಭರ್ತಿ ಆಗ್ತದಂತ ಸುದ್ದಿ ಬಂತಂದ್ರ ಸಾಕು, ಕಲಬುರಗಿ ಚಂದ್ರಶೇಖರ ಪಾಟೀಲ ಸ್ಟೇಡಿಯಂ ಕಡಿ ನಸಿಕಿನ್ಯಾಗೇ ಹುಡುಗ್ರ ಸಾಲು ಹತ್ತತದ. ಜೇವರ್ಗಿ, ಆಳಂದ, ಚಿತ್ತಾಪುರ ಕಡಿಂದ ಬಂದು ರೂಮ್ ಮಾಡ್ಕೊಂಡು ವರ್ಷಾನುಗಟ್ಲೆ ಲೈಬ್ರರಿದಾಗ ಕುಂತು ಓದಿದವರು, 1600 ಮೀಟರ್ 6 ನಿಮಿಷ 30 ಸೆಕೆಂಡಿನ್ಯಾಗ ಮುಗಿಸ್ಬೇಕಂತ ಒಮ್ಮಿಗೇ ದಿನಾ ಬಿಡದಂಗ ಓಡ್ಲಿಕ್ಕ ಶುರು ಮಾಡ್ತಾರ. ತಿಂಗಳೊಪ್ಪತ್ತಿನ್ಯಾಗ ಅವ್ರೇ ನನ್ನ ಫಿಸಿಯೋಥೆರಪಿ ರೂಮಿಗೆ ಕುಂಟ್ಕೋತ ಬರ್ತಾರ. "ಅಣ್ಣಾ, ಮುಂಜಾನಿ ಎದ್ದು ಕಾಲು ಕೆಳಗಿಟ್ರ ಹಿಮ್ಮಡದ ಹಿಂದ ಜೀವಾ ಹೋದಂಗ ಆಗ್ತದ, ನಾಕು ಹೆಜ್ಜಿ ನಡದ್ರ ಕಮ್ಮಿ ಆಗ್ತದ, ಓಡಿ ಬಂದ ಮ್ಯಾಲ ಮತ್ತ ಅದೇ ಬ್ಯಾನಿ."

ಹಿಮ್ಮಡದ ಎಲುಬಿಂದ 2ರಿಂದ 6 ಸೆಂಟಿಮೀಟರ್ ಮ್ಯಾಲ, ಮೀನಖಂಡನ ಹಿಮ್ಮಡದ ಎಲುಬಿಗೆ ಕಟ್ಟಿರೋ ದಪ್ಪ ಹಗ್ಗದಂಥ ಅಕಿಲಿಸ್ ಟೆಂಡನ್ ಎರಡು ಬಟ್ಟಿನ್ಯಾಗ ಹಿಡದು ಮೆಲ್ಲಕ ಒತ್ತಿದ್ರ ಹುಡುಗ ಕಾಲು ಎಳ್ಕೋತಾನ. ಇನ್ನೊಂದು ಕಾಲಿನ ಜೋಡಿ ನೋಡಿದ್ರ ಅಲ್ಲಿ ದಪ್ಪ ಆಗಿರ್ತದ.

ಓಡ್ಲಿಕ್ಕ ಹತ್ತಿದ್ರ ದಮ್ಮು ಲಗೂನ ಬರ್ತದ, ಮೀನಖಂಡನೂ ಗಟ್ಟಿ ಆಗ್ತದ, ಆದ್ರ ಟೆಂಡನ್ನಿಗೆ ರಕ್ತ ಸಪ್ಲೈ ಕಮ್ಮಿ ಇರೋದ್ರಿಂದ ಅದು ಭಾಳ ನಿಧಾನ. ಜೋರ್ ಓಡಿದ ಮ್ಯಾಲ ಒಂದು ದಿನ, ಒಂದೂವರಿ ದಿನ ಅದರೊಳಗ ಕೊಲಾಜನ್ (ಟೆಂಡನ್ನಿನ ಎಳಿ ಆಗೋ ಪ್ರೋಟೀನು) ಕಟ್ಟೋದಕ್ಕಿಂತ ಕೆಡೋದೇ ಹೆಚ್ಚು, ಕಟ್ಟೋದು ಮೇಲಾಗೋದು ಆಮ್ಯಾಲ. ದಿನಾ ಟೈಮ್ ಹಿಡ್ಕೊಂಡು ಓಡಿದ್ರ ಆ ಸರದಿ ಬರೋದೇ ಇಲ್ಲ, ಎಳಿಗಳು ಅಸ್ತವ್ಯಸ್ತ ಆಗ್ತಾವ. ಹಳೀ ಬ್ಯಾನಿದಾಗ ಬಾವಿನ ಪಾತ್ರ ಕಮ್ಮಿ, ಅದಕ್ಕೇ ಮೆಡಿಕಲ್‌ದಾಗ ತಗೊಂಡ ಗುಳಿಗಿ ನಾಕು ದಿನ ಬ್ಯಾನಿ ಮುಚ್ಚತದ, ಟೆಂಡನ್ ಹಂಗೇ ಇರ್ತದ.

ನಂಗ ಭಾಳ ಸಂಕಟ ಆಗೋದು ಯಾವಾಗಂದ್ರ, "ಪೂರಾ ರೆಸ್ಟ್ ಮಾಡು" ಅಂತ ಯಾರೋ ಹೇಳಿರ್ತಾರ, ಹುಡುಗ ಹದಿನೈದು ದಿನ ಮಲ್ಕೊಂಡು, ಬ್ಯಾನಿ ಹೋಯ್ತಂತ ಮರುದಿನಾನೇ 1600 ಓಡಿ ಮತ್ತ ಮೊದಲಿನಕಿಂತ ಜಾಸ್ತಿ ಮಾಡ್ಕೊಂಡು ಬರ್ತಾನ. ಸುಮ್ನ ಕುಂತ್ರ ಬ್ಯಾನಿ ಜೋಡಿ ಟೆಂಡನ್ನಿನ ತಾಕತ್ತೂ ಇಳೀತದ. ಅದಕ್ಕ ಭಾರ ಬೇಕೇ ಬೇಕು, ಲೆಕ್ಕದಾಗ ಬೇಕು.

1998ರಾಗ ಸ್ವೀಡನ್ನಿನ ಎಲುಬಿನ ಡಾಕ್ಟ್ರು ಹಾಕನ್ ಆಲ್ಫ್ರೆಡ್ಸನ್ ಮತ್ತವರ ಜೋಡಿಯವರು ಇದನ್ನ ತೋರ್ಸಿದ್ರು. ಹಿಂಗೇ ಬ್ಯಾನಿ ಇದ್ದ 15 ಮಂದಿ ಓಟಗಾರರಿಗೆ 12 ವಾರ ಒಂದೇ ಕಸರತ್ತು ಮಾಡಿಸಿದ್ರು, ಎಲ್ಲಾರೂ ವಾಪಸ್ ಓಡಿದ್ರು. ಮನಿ ಮುಂದಿನ ಶಹಾಬಾದ್ ಫರ್ಸಿ ಮೆಟ್ಟಲೇ ಸಾಕು. ಮೆಟ್ಟಲ ತುದಿಗೆ ಮುಂಗಾಲು ಇಟ್ಟು, ಎರಡೂ ಕಾಲಿಂದ ಮ್ಯಾಲ ಏಳ್ರಿ, ಆಮ್ಯಾಲ ಬ್ಯಾನಿ ಇರೋ ಕಾಲಿನ ಮ್ಯಾಲಷ್ಟೇ ಭಾರ ಹಾಕಿ ಹಿಮ್ಮಡ ಮೆಟ್ಟಲಕಿಂತ ಕೆಳಗ ಹೋಗೋ ತನಕ ನಿಧಾನಕ್ಕ ಇಳೀರಿ. 15ರಂಗ 3 ಸಲ ಮೊಣಕಾಲು ನೆಟ್ಟಗಿಟ್ಟು, 3 ಸಲ ಸ್ವಲ್ಪ ಮಡಚಿ, ದಿನಕ್ಕ ಎರಡು ಹೊತ್ತು. ಹಗುರ ಅನ್ನಿಸ್ತಂದ್ರ ಬ್ಯಾಗಿನ್ಯಾಗ ಜಿಕೆ ಪುಸ್ತಕ ತುಂಬಿ ಬೆನ್ನಿಗೆ ಹಾಕ್ಕೋರಿ. ಬ್ಯಾನಿ ಟೆಂಡನ್ ಹಿಮ್ಮಡದ ಎಲುಬಿಗೆ ಅಂಟಿದ ಜಾಗಾದಾಗೇ ಇದ್ರ ಮಾತ್ರ ಹಿಮ್ಮಡ ಕೆಳಗ ಇಳಿಸಬ್ಯಾಡ್ರಿ, ನೆಲದ ಮ್ಯಾಲೇ ಮಾಡ್ರಿ.

ಮಾಡೋವಾಗ ಹತ್ತರಾಗ ಐದರಷ್ಟು ಬ್ಯಾನಿ ಬಂದ್ರ ನಡೀತದ, ಮರುದಿನ ಮುಂಜಾನಿಗೆ ಇಳದಿರ್ಬೇಕು, ಇಳೀಲಿಲ್ಲಂದ್ರ ಭಾರ ಕಮ್ಮಿ ಮಾಡ್ರಿ. ಓಟ ಪೂರಾ ಬಿಡೋದು ಬ್ಯಾಡ, ಒಂದಿನ ಬಿಟ್ಟು ಒಂದಿನ ನಿಧಾನ ಓಡ್ರಿ, ಸ್ಪ್ರಿಂಟು ಕಟ್ಟಕಡೀಗೆ. ಮೂರು ತಿಂಗಳಂತೂ ಬೇಕು, ಅಷ್ಟೊತ್ತಿಗೆ ಫಿಸಿಕಲ್ ಡೇಟ್ ಬರ್ತದಂತ ಹುಡುಗ್ರು ಕಣ್ಣಾಗ ನೀರು ತರ್ತಾರ, ಆ ಅವಸರಕ್ಕೇ ಸ್ಟೀರಾಯ್ಡ್ ಇಂಜೆಕ್ಷನ್ ಕೇಳ್ತಾರ. ಅಕಿಲಿಸ್‌ಗೆ ಅದು ಬ್ಯಾಡ್ರಿ, ಟೆಂಡನ್ ಹರಿಯೋ ಅಪಾಯ ಇರ್ತದ. ಸಿಪ್ರೋಫ್ಲಾಕ್ಸಾಸಿನ್ ಜಾತಿ ಆಂಟಿಬಯೋಟಿಕ್ಕಿಗೂ ಅದೇ ಅಪಾಯ ಅದ, ಜ್ವರಕ್ಕೋ ಉಚ್ಚಿ ಉರಿಗೋ ಡಾಕ್ಟ್ರು ಬರಿಯೋವಾಗ ನಿಮ್ಮ ಹಿಮ್ಮಡದ ಬ್ಯಾನಿ ಅವ್ರಿಗೆ ಹೇಳ್ರಿ.

ಓಡೋವಾಗ ಹಿಂದಿಂದ ಯಾರೋ ಒದ್ದಂಗಾಗಿ ಟಪ್ಪಂತ ಸಪ್ಪಳ ಬಂದು, ಆಮ್ಯಾಲ ಒಂದೇ ಕಾಲಿನ ತುದಿಗಾಲಿನ ಮ್ಯಾಲ ನಿಲ್ಲಲಿಕ್ಕೇ ಆಗ್ಲಿಲ್ಲಂದ್ರ ಕಸರತ್ತು ಬಿಡ್ರಿ, ಅವತ್ತೇ ಎಲುಬಿನ ಡಾಕ್ಟ್ರ ಹತ್ರ ಹೋಗ್ರಿ.