ಪೋರ್ಸಲೇನ್ ಟೈಲ್ಸ್‌ಗೆ ಹಿಡಿಕೆ ಕೂರಿಸುವಾಗ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಬಚ್ಚಲಲ್ಲಿ ಅಮ್ಮನಿಗೆ ಆಸರೆಗೆ ಒಂದು ಸ್ಟೀಲ್ ಹಿಡಿಕೆ ಬೇಕಿತ್ತು. ಕೂರಿಸಲು ಬಂದವನು ಕಲಬುರಗಿ ಕಡೆಯ ಹುಡುಗ. ಡ್ರಿಲ್ಲನ್ನು ನೇರ ಹ್ಯಾಮರ್‌ಗೆ, ಅಂದರೆ ತಿರುಗುತ್ತಲೇ ಕುಟ್ಟುವ ಮೋಡ್‌ಗೆ, ಹಾಕಿದ. "ತಮ್ಮಾ, ಹ್ಯಾಮರ್ ಬಂದ್ ಮಾಡು" ಎಂದೆ.

ಪೋರ್ಸಲೇನನ್ನು ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟಿರುತ್ತಾರೆ. ಬಹಳ ಗಟ್ಟಿ, ಆದರೆ ಏಟು ತಡೆಯುವುದಿಲ್ಲ. ಗೋಡೆಯ ಮಾಮೂಲಿ ಬಿಟ್ (ಡ್ರಿಲ್ಲಿಗೆ ಹಾಕುವ ಕೊರೆಯುವ ಮೊನೆ) ಅದರ ಮೇಲೆ ಸುಮ್ನೆ ತಿರುಗಿ, ಬಿಸಿಯಾಗಿ, ಮೊಂಡಾಗುತ್ತದೆ. ಬೇಕಾದದ್ದು ಟೊಳ್ಳು ಕೊಳವೆಯಂಥ ಡೈಮಂಡ್ ಬಿಟ್. ಅದು ಟೈಲ್ಸನ್ನು ಉಜ್ಜಿ ಸವೆಸುತ್ತದೆ. ಹಾಗಾಗಿ ನಿಧಾನ ವೇಗ, ಹಗುರ ಕೈ, ಆಗಾಗ ನೀರು. ನೀರು ಇರುವ ಕಡೆ ಬ್ಯಾಟರಿ ಡ್ರಿಲ್ಲೇ ಒಳ್ಳೆಯದು, ಅಲ್ವಾ? ಬಿಟ್ಟನ್ನು ಮೊದಲು ಓರೆಯಾಗಿ ಹಿಡಿದು ಅರ್ಧಚಂದ್ರದಂಥ ಗೀರು ಮಾಡಿಸಿದೆ. ಆಮೇಲೆ ನೇರ ಮಾಡಿದರೆ ಜಾರುವುದಿಲ್ಲ.

ಟೈಲ್ಸ್ ದಾಟಿದ ಮೇಲೆ ಸ್ವಲ್ಪ ಸಣ್ಣ ಅಳತೆಯ ಮಾಮೂಲಿ ಬಿಟ್. ಒಳಗಿನ ಇಟ್ಟಿಗೆಗೆ ಹ್ಯಾಮರ್ ಆಗುತ್ತದೆ.

ಜಾಸ್ತಿ ಜನ ಗಮನ ಕೊಡದ ವಿಷಯ, ಸ್ಕ್ರೂ ಹಿಡಿಯಲು ತೂತಿನೊಳಗೆ ಹಾಕುವ ಪ್ಲಾಸ್ಟಿಕ್ ಗಿಟ್ಟಿಯದು. ಸ್ಕ್ರೂ ಬಿಗಿದಂತೆ ಗಿಟ್ಟಿ ಹಿಗ್ಗುತ್ತದೆ. ಅದು ಟೈಲ್ಸಿನ ದಪ್ಪದೊಳಗೇ ಹಿಗ್ಗಿದರೆ ಟೈಲ್ಸ್ ಸೀಳಬಹುದು. ಗಿಟ್ಟಿಯನ್ನು ಟೈಲ್ಸಿನ ಹಿಂದಕ್ಕೆ, ಗೋಡೆಯೊಳಗೆ ಪೂರ್ತಿ ತಳ್ಳಬೇಕು. ತೂತಿಗೆ ಸಿಲಿಕೋನ್ ತುಂಬಿಸಿದೆ, ನೀರು ಹಿಂದೆ ಇಳಿಯಬಾರದು. ಕೊರೆಯುವ ಮೊದಲೇ ಟೈಲ್ಸ್ ತಟ್ಟಿ ನೋಡಿದ್ದೆವು. ಟೊಳ್ಳು ಸದ್ದು ಬಂದಿದ್ದರೆ ಜಾಗ ಬದಲಿಸುತ್ತಿದ್ದೆ. ಮನುಷ್ಯರ ಭಾರ ಹೊರುವ ಹಿಡಿಕೆ ಅದು. ಅಮ್ಮನಿಗಿಂತ ಮೊದಲು ನಾನೇ ಜೋತು ಬಿದ್ದು ಎಳೆದು ನೋಡಿದೆ.